ಹೆಬ್ಬಾಗಿಲು, ದಿಡ್ಡಿ ಬಾಗಿಲು

ಹೈದರಾಬಾದಿನಿಂದ ಪಶ್ಚಿಮಕ್ಕೆ ಹೊರಟ ಹಳೆಯ ಮುಂಬಯಿ ರಸ್ತೆ ನಮ್ಮ ಕಡೆಯವರಿಗೆ ಹೊಸದೇನೂ ಅಲ್ಲ. ಪಟಾನ್‌ಚೆರು, ಸಂಗಾರೆಡ್ಡಿ, ಜಹೀರಾಬಾದುಗಳನ್ನು ದಾಟಿ ಅದು ಕನ್ನಡನಾಡನ್ನು ಸೇರುತ್ತದೆ. ಜಹೀರಾಬಾದಿನಲ್ಲಿ ಬಲಕ್ಕೆ ತಿರುಗಿದರೆ ಬೀದರ. ನೇರವಾಗಿ ಹೋದರೆ ಹುಮನಾಬಾದು. ಈ ದಾರಿಯಲ್ಲಿ ನಗರದಿಂದ ಸುಮಾರು 20 ಕಿಲೋಮೀಟರು ಬಂದಾಗ, ಗಚ್ಚಿಬೌಲಿಗೂ ಲಿಂಗಂಪಲ್ಲಿಗೂ ನಡುವೆ, ಹೈದರಾಬಾದು ವಿಶ್ವವಿದ್ಯಾನಿಲಯದ ಹೆಬ್ಬಾಗಿಲು ಸಿಕ್ಕುತ್ತದೆ. ಬಸ್ಸಿನ ಕಿಟಕಿಯಿಂದ ಅದನ್ನು ಎಷ್ಟೋ ಸಲ ನೋಡಿದವರು ನಮ್ಮಲ್ಲಿ ಅನೇಕರಿರಬಹುದು. ಒಳಗೆ ಹೋಗಿ ನೋಡಿದವರು ಕಡಿಮೆ.

ಒಳಗೆ ಹೋದವನಿಗೆ ಮೊದಲು ಕಾಣುವುದು ವಿದ್ಯೆಯಲ್ಲ, ಬಂಡೆ. ಒಂದರ ಮೇಲೊಂದು ಯಾರೋ ಎತ್ತಿ ಇಟ್ಟಂತೆ ಕುಳಿತಿರುವ ಹೆಬ್ಬಂಡೆಗಳು. ಇವು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಕಲ್ಲು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಕೊಡೆಯ ಆಕಾರದ ಒಂದು ಬಂಡೆಗೆ ವಿದ್ಯಾರ್ಥಿಗಳು ಅಣಬೆ ಬಂಡೆಯೆಂದೇ ಹೆಸರಿಟ್ಟಿದ್ದಾರೆ. ನವಿಲುಕೆರೆಯೆಂಬುದೊಂದು, ಎಮ್ಮೆಕೆರೆಯೆಂಬುದೊಂದು, ಕುರುಚಲು ಕಾಡು, ಜಿಂಕೆ, ನವಿಲು. ಇವುಗಳ ನಡುವೆ ಅಲ್ಲಲ್ಲಿ ಪಾಠಶಾಲೆಗಳು, ಪ್ರಯೋಗಶಾಲೆಗಳು, ಸಾಲಾಗಿ ವಿದ್ಯಾರ್ಥಿನಿಲಯಗಳು. ಐದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಓದುವ ಈ ಸ್ಥಳವನ್ನು ಶಾಲೆಯೆನ್ನುವುದಕ್ಕಿಂತ ಊರೆನ್ನುವುದೇ ಮೇಲು. ಊರಿಗೆ ಬೇಕಾದ ಅಂಗಡಿ ಇದೆ, ಅಂಚೆಮನೆ ಇದೆ, ಚಹದ ಕಟ್ಟೆ ಇದೆ. ಸುತ್ತ ಗೋಡೆಯೂ ಇದೆ.

ಈ ಊರಿನ ಹುಟ್ಟಿನ ಕಥೆಯೂ ಸ್ವಾರಸ್ಯವಾದುದು. 1973ರ ಆರು ಸೂತ್ರಗಳ ಒಪ್ಪಂದದ ಫಲವಾಗಿ ನಮ್ಮ ಸಂವಿಧಾನಕ್ಕೆ 371-ಇ ಎಂಬ ಹೊಸ ವಿಧಿ ಸೇರಿತು. ಅದರ ಆಧಾರದ ಮೇಲೆ 1974ರಲ್ಲಿ ಪಾರ್ಲಿಮೆಂಟಿನ ಶಾಸನದಿಂದ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಆಗ ಅದಕ್ಕೆ ಸ್ವಂತ ಸೂರು ಇರಲಿಲ್ಲ. ಆಬಿಡ್ಸಿನ ಬಳಿ ಸರೋಜಿನಿ ನಾಯಿಡು ಅವರ ಮನೆಯಿದೆ. ಅವರ ಮೊದಲ ಕವನಸಂಗ್ರಹದ ಹೆಸರನ್ನೇ ಹೊತ್ತ 'ಗೋಲ್ಡನ್ ಥ್ರೆಷೋಲ್ಡ್', ಎಂದರೆ ಹೊನ್ನಿನ ಹೊಸ್ತಿಲು. ಅವರ ಮಗಳು ಪದ್ಮಜಾ ನಾಯಿಡು ಬಿಟ್ಟುಕೊಟ್ಟ ಆ ಮನೆಯಲ್ಲಿ ವಿಶ್ವವಿದ್ಯಾನಿಲಯ ತನ್ನ ಮೊದಲ ವರ್ಷಗಳನ್ನು ಕಳೆಯಿತು. ಇಷ್ಟು ದೊಡ್ಡ ಸಂಸ್ಥೆಯೂ ಒಂದಾನೊಂದು ಕಾಲದಲ್ಲಿ ಒಬ್ಬರ ಮನೆಯ ಅತಿಥಿಯಾಗಿತ್ತು ಎಂಬುದನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಈ ಲೇಖನ ಅತಿಥಿಗಳನ್ನು ಕುರಿತದ್ದು.

ವಿದ್ಯಾರ್ಥಿನಿಲಯ ಇದ್ದಲ್ಲಿ ಅತಿಥಿ ಇದ್ದೇ ಇರುತ್ತಾನೆ. ಹೈದರಾಬಾದಿನ ಆಸ್ಪತ್ರೆಗಳಿಗೆ ಬೀದರ, ಕಲಬುರಗಿ, ರಾಯಚೂರುಗಳಿಂದ ಜನ ಬರುವುದು ಹಳೆಯ ರೂಢಿ. ಪರೀಕ್ಷೆ ಬರೆಯಲು ತಮ್ಮ ಬರುತ್ತಾನೆ. ಕೆಲಸದ ಸಂದರ್ಶನಕ್ಕೆ ಊರಿನ ಗೆಳೆಯ ಬರುತ್ತಾನೆ. ಕಣ್ಣು ತೋರಿಸಲು ಕಾಕಾ ಬರುತ್ತಾರೆ. ಹೋಟೆಲಿನಲ್ಲಿ ಕೋಣೆ ಹಿಡಿಯುವ ಶಕ್ತಿಯಿಲ್ಲದ ಕುಟುಂಬಕ್ಕೆ ಈ ಮಹಾನಗರದಲ್ಲಿ ಇರುವ ಒಂದೇ ಬಿಡಾರವೆಂದರೆ ಓದುತ್ತಿರುವ ಮಗನ ಅರ್ಧ ಕೊಠಡಿ. ಎರಡು ಮಂಚಗಳ ನಡುವೆ ಚಾಪೆ ಹಾಸಿ ಮಲಗಿ, ಮೆಸ್ಸಿನಲ್ಲಿ ಅತಿಥಿ ಚೀಟಿ ಕೊಂಡು ಉಂಡು, ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಿಬಂದ ಅತಿಥಿಗಳ ಲೆಕ್ಕ ಯಾವ ಸಂಸ್ಥೆಯ ವಾರ್ಷಿಕ ವರದಿಯಲ್ಲಿಯೂ ಇರಲಾರದು. ನಿಯಮಗಳು ಆಗಲೂ ಇದ್ದವು. ಹೆಸರು ಬರೆಯಬೇಕು, ಇಷ್ಟು ಹೊತ್ತಿನೊಳಗೆ ಹೊರಡಬೇಕು, ಹುಡುಗಿಯರ ನಿಲಯದಲ್ಲಿ ಗಂಡಸರು ಸಂದರ್ಶಕರ ಕೋಣೆಯಿಂದ ಮುಂದೆ ಹೋಗಬಾರದು, ಇತ್ಯಾದಿ. ಆದರೆ ನಿಯಮಕ್ಕೂ ಬಾಗಿಲಿಗೂ ನಡುವೆ ಸ್ವಲ್ಪ ಸಂದು ಇತ್ತು. ಆ ಸಂದಿನಲ್ಲಿ ಮನುಷ್ಯತ್ವ ನುಸುಳಿಕೊಂಡು ಹೋಗುತ್ತಿತ್ತು.

ಮಹಾಮಾರಿಯ ಪರಿಚಯ ಈ ನಗರಕ್ಕೆ ಹೊಸದಲ್ಲ. 1591ರ ಚಾರ್‌ಮಿನಾರನ್ನು ಪ್ಲೇಗು ನಿಂತದ್ದರ ನೆನಪಿಗಾಗಿ ಕಟ್ಟಿಸಿದರೆಂಬ ಮಾತು ಜನರ ಬಾಯಲ್ಲಿ ಬಹುಕಾಲದಿಂದ ಇದೆ. ಇತಿಹಾಸಕಾರರು ಬೇರೆ ಕಾರಣಗಳನ್ನೂ ಹೇಳುತ್ತಾರೆ. ಆಷಾಢದ ಬೋನಾಲು ಹಬ್ಬದ ಹಿಂದೆಯೂ 1813ರ ಒಂದು ಸಾಂಕ್ರಾಮಿಕದ ನೆನಪಿದೆಯೆಂದು ಭಕ್ತರು ನಂಬುತ್ತಾರೆ. ಅದೇ ಹಬ್ಬವನ್ನು 2020ರಲ್ಲಿ ರೋಗದ ಭಯದಿಂದ ಮನೆಯೊಳಗೇ ಆಚರಿಸಬೇಕಾಯಿತು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಬೀಜವನ್ನು ರೊನಾಲ್ಡ್ ರಾಸ್ ಕಂಡುಹಿಡಿದದ್ದು 1897ರ ಆಗಸ್ಟಿನಲ್ಲಿ, ಇಲ್ಲಿಯ ಬೇಗಂಪೇಟೆಯಲ್ಲಿಯೇ. ಇತ್ತ ನಮ್ಮ ನಾಡಿನಲ್ಲಿ 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು; ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದು ಮಲ್ಲೇಶ್ವರ ಬಸವನಗುಡಿಗಳು ಬೆಳೆದವು. ಇಲಿ ಬಿದ್ದೊಡನೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಆಗಲೂ ಮೊದಲು ಅನುಮಾನಕ್ಕೆ ಗುರಿಯಾದವನು ಪರಊರಿನವನೇ. ಪ್ಲೇಗಿನ ಸೀಮೆಯಿಂದ ಬಂದ ಪ್ರಯಾಣಿಕನಿಗೆ ಮದರಾಸು ಆಧಿಪತ್ಯದಲ್ಲಿ 'ಪ್ಲೇಗು ಪಾಸುಪೋರ್ಟು' ಕೊಟ್ಟು, ಹಲವು ದಿನ ಅಧಿಕಾರಿಯ ಮುಂದೆ ಮುಖ ತೋರಿಸುವಂತೆ ಮಾಡುತ್ತಿದ್ದರು.

ಆ ಕಾಲದ ಇನ್ನೊಂದು ಕಾಣಿಕೆ 1897ರ ಸಾಂಕ್ರಾಮಿಕ ರೋಗಗಳ ಶಾಸನ. ಮುಂಬಯಿಯ ಪ್ಲೇಗಿಗೆಂದು ಅವಸರದಲ್ಲಿ ಮಾಡಿದ, ನಾಲ್ಕೇ ಪ್ರಕರಣಗಳ ಪುಟ್ಟ ಕಾನೂನು. ಪ್ಲೇಗು ಹೋಯಿತು, ಅದನ್ನು ಮಾಡಿದ ಆಂಗ್ಲ ಪ್ರಭುಗಳೂ ಹೋದರು. ಕಾನೂನು ಮಾತ್ರ ಉಳಿಯಿತು. 2020ರ ಮಾರ್ಚಿಯಲ್ಲಿ ತೆಲಂಗಾಣ ಸರ್ಕಾರ ಕೋವಿಡ್ ನಿಬಂಧನೆಗಳನ್ನು ಹೊರಡಿಸಿದ್ದು ಅದೇ ಶಾಸನದ ಅಡಿಯಲ್ಲಿ. ಭಯದ ಕಾಲದಲ್ಲಿ ಮಾಡಿದ ನಿಯಮಕ್ಕೆ ಆಯಸ್ಸು ಎಷ್ಟು ಗಟ್ಟಿಯೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ತೆಲಂಗಾಣದಲ್ಲಿ ಕೋವಿಡ್ಡಿನ ಮೊದಲ ರೋಗಿ ಗೊತ್ತಾದುದು 2020ರ ಮಾರ್ಚಿ 2ರಂದು. ಹದಿನೈದು ದಿನಗಳೊಳಗೆ ರಾಜ್ಯದ ವಿದ್ಯಾಸಂಸ್ಥೆಗಳು ಮುಚ್ಚಿದವು. 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಹೆಬ್ಬಾಗಿಲನ್ನು ಮುಚ್ಚಲು ಒಂದು ಸಂಜೆಯ ಪ್ರಕಟಣೆ ಸಾಕು. ಮಕ್ಕಳು ಕೈಗೆ ಸಿಕ್ಕಿದ ಎರಡು ಜೊತೆ ಬಟ್ಟೆ ಹಿಡಿದು ಊರಿಗೆ ಹೊರಟರು. ಪುಸ್ತಕ, ಹಾಸಿಗೆ, ಗೋಡೆಯ ಮೇಲಿನ ಪಟ ಎಲ್ಲವೂ ಬೀಗದೊಳಗೆ ಉಳಿದವು. ಕೆಲವೇ ದಿನಗಳ ಮಾತೆಂದು ಎಲ್ಲರೂ ತಿಳಿದಿದ್ದರು. ವಿಶ್ವವಿದ್ಯಾನಿಲಯಕ್ಕೆ ಹತ್ತಿರದಲ್ಲಿಯೇ ಇದ್ದ ಗಚ್ಚಿಬೌಲಿ ಕ್ರೀಡಾಗ್ರಾಮದ ಬಹುಮಹಡಿ ಕಟ್ಟಡವನ್ನು ಏಪ್ರಿಲಿನಲ್ಲಿ 1500 ಹಾಸಿಗೆಗಳ ಆಸ್ಪತ್ರೆಯಾಗಿ ಮಾರ್ಪಡಿಸಿದಾಗ, ಇದು ಕೆಲವು ದಿನಗಳ ಮಾತಲ್ಲವೆಂದು ಅರ್ಥವಾಯಿತು.

ಸಂಸ್ಥೆಗಳು ಮಾಡಿದ್ದು ತಪ್ಪೆಂದು ಹೇಳಲಾಗದು. ವಿದ್ಯಾರ್ಥಿನಿಲಯದ ಕಟ್ಟಡವೇ ಅಂಥದು. ಒಂದು ಕೊಠಡಿಯಲ್ಲಿ ಇಬ್ಬರ ಉಸಿರು, ಒಂದು ಸಾಲಿಗೆ ಒಂದೇ ಸ್ನಾನಗೃಹ, ಮೆಸ್ಸಿನಲ್ಲಿ ಒಂದೇ ಹೊತ್ತಿಗೆ ನೂರಾರು ತಟ್ಟೆ. ಉಸಿರಿನಿಂದ ಹರಡುವ ರೋಗಕ್ಕೆ ಇದಕ್ಕಿಂತ ಅನುಕೂಲವಾದ ಮನೆ ಸಿಕ್ಕದು. ಇಪ್ಪತ್ತರ ಹುಡುಗ ಸುಲಭವಾಗಿ ಗೆದ್ದುಕೊಂಡಾನು. ಆದರೆ ಅಡುಗೆಯವನಿಗೆ ಐವತ್ತಾರು ವರ್ಷ, ಕಾವಲುಗಾರನಿಗೆ ಸಕ್ಕರೆ ಕಾಯಿಲೆ, ಪ್ರಾಧ್ಯಾಪಕರ ಮನೆಯಲ್ಲಿ ಎಂಬತ್ತರ ತಾಯಿ. ಬಾಗಿಲು ಹಾಕಿದ್ದು ಇವರೆಲ್ಲರಿಗಾಗಿ.

ಆದರೆ ಆವರಣವೆಂದರೆ ವಿದ್ಯಾರ್ಥಿಗಳೂ ಪ್ರಾಧ್ಯಾಪಕರೂ ಮಾತ್ರವೇ? ಇದೇ ರಸ್ತೆಯಲ್ಲಿ ಮುಂದೆ, ಸಂಗಾರೆಡ್ಡಿಯ ಬಳಿಯ ಕಂದಿಯಲ್ಲಿ, ಹೈದರಾಬಾದು ಐ.ಐ.ಟಿ.ಯ ಹೊಸ ಕಟ್ಟಡಗಳು ಏಳುತ್ತಿದ್ದವು. ಅವುಗಳನ್ನು ಕಟ್ಟುತ್ತಿದ್ದ ಕೂಲಿಗಾರರು ಜಾರ್ಖಂಡ ಮೊದಲಾದ ದೂರದ ಸೀಮೆಗಳವರು. ಕೆಲಸ ನಿಂತು, ಊರಿಗೆ ಹೋಗುವ ದಾರಿಯೂ ನಿಂತು, ಅವರು ಅಲ್ಲಿಯೇ ಸಿಕ್ಕಿಕೊಂಡರು. ಅವರು ಆ ವಿದ್ಯಾಸಂಸ್ಥೆಯ ನಿವಾಸಿಗಳೂ ಅಲ್ಲ, ಅತಿಥಿಗಳೂ ಅಲ್ಲ. ಯಾವ ಪುಸ್ತಕದ ಯಾವ ಪಟ್ಟಿಗೂ ಸೇರದವರು. ಏಪ್ರಿಲ್ 29ರಂದು ಅವರ ಸಹನೆ ಕಟ್ಟೊಡೆಯಿತು. ಊರಿಗೆ ಕಳಿಸಿ, ಕೂಲಿ ಕೊಡಿ ಎಂದು ಗಲಾಟೆಯಾಯಿತು. ಮೇ 1ರಂದು, ಕಾರ್ಮಿಕರ ದಿನವೇ, ಬೆಳಗಿನ ಜಾವ ಲಿಂಗಂಪಲ್ಲಿ ನಿಲ್ದಾಣದಿಂದ ಜಾರ್ಖಂಡದ ಹಟಿಯಾಕ್ಕೆ ಸುಮಾರು 1200 ಜನರನ್ನು ಹೊತ್ತ ರೈಲು ಹೊರಟಿತು. ವಲಸೆಗಾರರಿಗಾಗಿ ದೇಶದಲ್ಲಿ ಹೊರಟ ಮೊದಲನೆಯ ಶ್ರಮಿಕ ರೈಲು ಅದೇ. ಪರನಾಡಿನಲ್ಲಿ ಮನೆ ಮಾಡಿಕೊಂಡಿರುವ ನಾವು ಆ ಸುದ್ದಿಯನ್ನು ಬೇರೆಯವರ ಸುದ್ದಿಯೆಂದು ಓದುವಂತಿರಲಿಲ್ಲ. ಬಾಗಿಲು ಮುಚ್ಚಿದಾಗ ಒಳಗಿನವನಾರು, ಹೊರಗಿನವನಾರು ಎಂಬ ಪ್ರಶ್ನೆ ವಲಸೆ ಬಂದವನನ್ನೇ ಮೊದಲು ಹುಡುಕಿಕೊಂಡು ಬರುತ್ತದೆ.

ಇನ್ನು ಬಾಗಿಲು ತೆರೆದ ಕಥೆ. 'ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು' ಎಂದು ನಮ್ಮಲ್ಲಿ ಒಂದು ಗಾದೆಯಿದೆ. ಇಲ್ಲಿ ನಡೆದದ್ದು ಅದರ ತಿರುವು: ಹೆಬ್ಬಾಗಿಲನ್ನು ಒಮ್ಮೆಗೇ ಹಾಕಿ, ದಿಡ್ಡಿ ಬಾಗಿಲನ್ನು ಅಂಗುಲ ಅಂಗುಲವಾಗಿ ತೆರೆದರು. 2020ರ ನವೆಂಬರಿನಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಸೂಚನೆಗಳನ್ನು ಹೊರಡಿಸಿತು. ಮೊದಲು ಸಂಶೋಧಕರು, ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳು. ಆಮೇಲೆ ಕೊನೆಯ ವರ್ಷದವರು. ಪ್ರಯೋಗಶಾಲೆಯ ಕೆಲಸವನ್ನು ಮನೆಯ ಜಗಲಿಯ ಮೇಲೆ ಮಾಡಲಾಗುವುದಿಲ್ಲವಷ್ಟೆ! ಬಂದವರು ಮೊದಲು 14 ದಿನ ಪ್ರತ್ಯೇಕವಾಗಿರಬೇಕು. ಕೊಠಡಿಯನ್ನು ಇಬ್ಬರು ಹಂಚಿಕೊಳ್ಳುವಂತಿಲ್ಲ. ಊಟ ಸಣ್ಣ ಸಣ್ಣ ಪಂಕ್ತಿಗಳಲ್ಲಿ. ಪೇಟೆಗೆ ಹೋಗುವುದನ್ನು ಆದಷ್ಟು ತಪ್ಪಿಸಬೇಕು. ಒಂದು ಕೊಠಡಿಗೆ ಒಬ್ಬರೆಂಬ ಮಾತಿನ ಲೆಕ್ಕವನ್ನು ನೋಡಿ. ನೂರು ಕೊಠಡಿ, ಇನ್ನೂರು ಮಂಚಗಳ ನಿಲಯದಲ್ಲಿ ನೂರು ಜನಕ್ಕೇ ಜಾಗ. ಉಳಿದ ನೂರು ಜನ ಹಳ್ಳಿಯಲ್ಲಿ, ಮರ ಹತ್ತಿದರೆ ಸಿಗುವ ಮೊಬೈಲಿನ ಸಂಜ್ಞೆಗಾಗಿ ಕಾಯುತ್ತ, ತಮ್ಮ ಸರದಿ ಬಂದೀತೆಂದು ಕುಳಿತಿರಬೇಕು.

ತೆರೆದ ದಿಡ್ಡಿಯೂ ತೆರೆದೇ ಇರಲಿಲ್ಲ. 2021ರ ಮಾರ್ಚಿ 24ರಿಂದ ತೆಲಂಗಾಣದ ವಿದ್ಯಾಸಂಸ್ಥೆಗಳು ಮತ್ತೆ ಮುಚ್ಚಿದವು. ಎರಡನೆಯ ಅಲೆ ಎಷ್ಟು ಮನೆಗಳನ್ನು ತೊಳೆದುಕೊಂಡು ಹೋಯಿತೆಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ; ಈ ಪುಟವನ್ನು ಓದುವವರಲ್ಲಿಯೇ ಆ ನೋವನ್ನು ಉಂಡವರು ಇದ್ದಾರೆ. ಮೇ 12ರಿಂದ ಜೂನ್ 19ರ ವರೆಗೆ ರಾಜ್ಯದಲ್ಲಿ ಲಾಕ್‌ಡೌನ್ ಇತ್ತು. ಸೆಪ್ಟೆಂಬರ್ 1ರಂದು ಶಾಲೆಗಳು ತೆರೆಯಬೇಕೆಂದಿದ್ದಾಗ, ಅದರ ಹಿಂದಿನ ದಿನ ರಾಜ್ಯದ ಉಚ್ಚ ನ್ಯಾಯಾಲಯ ವಸತಿ ಶಾಲೆಗಳನ್ನು ಮಾತ್ರ ತಡೆಹಿಡಿಯಿತು. ಹಗಲು ಶಾಲೆ ಬೇರೆ, ರಾತ್ರಿ ಒಟ್ಟಿಗೆ ಮಲಗುವ ಶಾಲೆ ಬೇರೆ ಎಂದು ಅದರ ಎಣಿಕೆ. ಅಕ್ಟೋಬರಿನಲ್ಲಿ ಆ ತಡೆ ತೆರವಾಯಿತು. 2022ರ ಜನವರಿಯಲ್ಲಿ ಒಮಿಕ್ರಾನ್ ಬಂದು ಮತ್ತೆ ರಜೆ. ಫೆಬ್ರವರಿ 1ಕ್ಕೆ ಮತ್ತೆ ಪಾಠ. ಅದೇ ಮಾರ್ಚಿ 31ಕ್ಕೆ ವಿಪತ್ತು ನಿರ್ವಹಣಾ ಶಾಸನದ ಅಡಿಯ ಕೇಂದ್ರದ ನಿರ್ಬಂಧಗಳು ಮುಗಿದವು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಈ ನಡುವೆ ಇದೇ ಹೈದರಾಬಾದಿನ ಹೊರವಲಯದಲ್ಲಿ ತಯಾರಾದ ಕೋವ್ಯಾಕ್ಸಿನ್ ದೇಶದ ತೋಳುಗಳಿಗೆಲ್ಲ ಹೋಗಿತ್ತು.

ಇಷ್ಟೆಲ್ಲ ಸಡಿಲಿಕೆಗಳಲ್ಲಿ ಸಾಮಾನ್ಯವಾಗಿ ಕೊನೆಯದಾಗಿ ಬಂದದ್ದು ಯಾವುದು? ಅತಿಥಿಗೆ ಒಪ್ಪಿಗೆ. ತರಗತಿ ತೆರೆಯಿತು, ಗ್ರಂಥಾಲಯ ತೆರೆಯಿತು, ಎರಡನೆಯ ಮಂಚಕ್ಕೂ ಹಾಸಿಗೆ ಬಂತು. ಆದರೆ 'ಸಂದರ್ಶಕರಿಗೆ ಪ್ರವೇಶವಿಲ್ಲ' ಎಂಬ ಹಲಗೆ ಮಾತ್ರ ಎಷ್ಟೋ ಕಡೆ ಅಲ್ಲಾಡಲಿಲ್ಲ. ಇದಕ್ಕೆ ಕಾರಣವಿಲ್ಲದಿಲ್ಲ. ನಿವಾಸಿಯ ಲೆಕ್ಕ ಸಂಸ್ಥೆಯ ಕೈಯಲ್ಲಿದೆ: ಎಷ್ಟು ಸೂಜಿ ಚುಚ್ಚಿಸಿಕೊಂಡಿದ್ದಾನೆ, ಜ್ವರ ಬಂದರೆ ಎಲ್ಲಿ ಮಲಗಿಸಬೇಕು, ಯಾರ ಜೊತೆ ಉಂಡಿದ್ದ, ಎಲ್ಲವೂ ಗೊತ್ತು. ಅತಿಥಿ ಬಂದು ಹೋಗುವವನು. ಅವನ ಹಿಂದುಮುಂದು ತಿಳಿಯದು. ಜೊತೆಗೆ ಇನ್ನೊಂದು ಸತ್ಯವಿದೆ. ಅತಿಥಿ ಬಾರದಿದ್ದರೆ ವಾರ್ಡನರಿಗೆ ಕೆಲಸ ಕಡಿಮೆ. ರೋಗಕ್ಕಾಗಿ ಹಾಕಿದ ಹಲಗೆ ಅನುಕೂಲಕ್ಕಾಗಿ ಉಳಿದುಬಿಡುವುದು ಹೀಗೆ.

ಬೀದರ ಕಡೆಯ ನಮ್ಮ ಪರಿಚಿತರೊಬ್ಬರ ಮಗಳು ಈ ನಗರದ ಒಂದು ವಿದ್ಯಾರ್ಥಿನಿಲಯದಲ್ಲಿದ್ದಳು. ಆ ದಿನಗಳಲ್ಲಿ ತಂದೆತಾಯಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಹೋಳಿಗೆಗಳ ಗಂಟು ಕಟ್ಟಿಕೊಂಡು ನೋಡಲು ಬಂದರು. ಕಾವಲುಗಾರ ಒಳ್ಳೆಯವನೇ, ಕುಳಿತುಕೊಳ್ಳಲು ತನ್ನ ಕುರ್ಚಿಯನ್ನೇ ಕೊಟ್ಟ, ಆದರೆ ಒಳಗೆ ಬಿಡಲಿಲ್ಲ. ಪುಸ್ತಕ ಮುಂದಿಟ್ಟ. ಹೆಸರು, ಊರು, ಸಂಬಂಧ, ಬಂದ ಕಾರಣ. ಸಂಬಂಧದ ಮನೆಯಲ್ಲಿ 'ತಂದೆ' ಎಂದು ಬರೆದು, ಕಾರಣದ ಮನೆಯಲ್ಲಿ ಏನು ಬರೆಯಬೇಕೆಂದು ತಿಳಿಯದೆ ಅವರು ಸ್ವಲ್ಪ ಹೊತ್ತು ಲೇಖನಿ ಹಿಡಿದು ನಿಂತರಂತೆ. ಕೊನೆಗೆ 'ನೋಡಲು' ಎಂದು ಬರೆದರಂತೆ. ಮಗಳು ಗೇಟಿನ ಆ ಕಡೆ, ಇವರು ಈ ಕಡೆ.

"ಭಾಳ ಸೊರಗೀದಿ ಅಲ್ಲವ್ವ" ಎಂದರು ತಾಯಿ.

"ಇಲ್ಲಬೇ, ಮಾಸ್ಕ್ ಹಾಕ್ಕೊಂಡೀನಿ ನೋಡು, ಅದಕ್ಕ ಹಂಗ ಕಾಣಸ್ತದ."

"ನೀ ಮಲಗೂ ಖೋಲಿಯರ ಒಮ್ಮೆ ನೋಡಬೇಕಂತಿದ್ದೆ."

"ಮುಂದಿನ ಸಲ ನೋಡೀಯಂತ ತಗೋ ಅವ್ವ."

ಮಗಳು ಮೊಬೈಲಿನಲ್ಲಿ ಕೊಠಡಿಯ ಚಿತ್ರಗಳನ್ನು ತೋರಿಸಿದಳು. ತಾಯಿ ನೋಡಿದರು. ಮುಂದಿನ ಸಲ ಬರುವಷ್ಟರಲ್ಲಿ ಅವಳ ಓದು ಮುಗಿದಿತ್ತು. ಮಗಳು ಮೂರು ವರ್ಷ ಮಲಗಿ ಎದ್ದ ಕೊಠಡಿಯನ್ನು ಆ ತಾಯಿ ಚಿತ್ರದಲ್ಲಿ ನೋಡಿದ್ದಷ್ಟೇ.

ಇದೇನು ದೊಡ್ಡ ದುಃಖವೇ ಎಂದು ಯಾರಾದರೂ ಕೇಳಬಹುದು. ಆ ವರ್ಷಗಳ ದುಃಖಗಳ ಪಕ್ಕದಲ್ಲಿಟ್ಟರೆ ಅಲ್ಲ. ಆದರೆ ಮಕ್ಕಳನ್ನು ಪರಊರಿಗೆ ಕಳಿಸಿದ ತಾಯಿಯರು ಬಲ್ಲರು: ಮಗು ಎಲ್ಲಿ ಮಲಗುತ್ತದೆ, ಕಿಟಕಿ ಯಾವ ಕಡೆಗಿದೆ, ನೀರಿನ ಹೂಜಿ ಎಲ್ಲಿಟ್ಟಿದೆ ಎಂಬುದನ್ನು ಒಮ್ಮೆ ಕಣ್ಣಿನಿಂದ ಕಂಡರೆ, ಆಮೇಲೆ ನೂರಾರು ರಾತ್ರಿಗಳ ನಿದ್ರೆ ಅದರ ಆಧಾರದ ಮೇಲೆ ನಡೆಯುತ್ತದೆ. ಬಂದು ಹೋಗುವವರಿಲ್ಲದ ಮನೆಯನ್ನು ನಮ್ಮಲ್ಲಿ ಮನೆಯೆನ್ನುವುದಿಲ್ಲ, ಛತ್ರವೆನ್ನುವುದೂ ಇಲ್ಲ. ಛತ್ರಕ್ಕಾದರೂ ಜನ ಬಂದು ಹೋಗುತ್ತಾರೆ. ಹದಿನೆಂಟರಿಂದ ಇಪ್ಪತ್ತೈದರ ವರೆಗಿನ ವಯಸ್ಸಿನಲ್ಲಿ ಮಕ್ಕಳು ಆತಿಥ್ಯವನ್ನು ಕಲಿಯಬೇಕು. ತನ್ನ ತಟ್ಟೆಯಲ್ಲಿ ಅರ್ಧವನ್ನು ಊರಿನ ತಮ್ಮನಿಗೆ ಕೊಡುವುದನ್ನು, ತನ್ನ ಮಂಚವನ್ನು ಬಿಟ್ಟು ಚಾಪೆಯ ಮೇಲೆ ಮಲಗುವುದನ್ನು ಯಾವ ಪ್ರಾಧ್ಯಾಪಕರೂ ಕಲಿಸಲಾರರು. ಅತಿಥಿಯನ್ನು ಹೊರಗಿಟ್ಟರೆ ಆ ಪಾಠವೂ ಹೊರಗೇ ಉಳಿಯುತ್ತದೆ.

ಹಾಗೆಂದು ಕಾವಲೇ ಬೇಡವೆಂದು ಹೇಳುವವನು ನಾನಲ್ಲ. ಹೆಣ್ಣುಮಕ್ಕಳನ್ನು ಕಳಿಸಿರುವ ನಾವೇ ಗೇಟಿನಲ್ಲಿ ಪುಸ್ತಕವಿದೆಯೇ ಎಂದು ಮೊದಲು ವಿಚಾರಿಸುವವರು. ಪುಸ್ತಕವಿರಲಿ, ಹೊತ್ತಿನ ಮಿತಿಯಿರಲಿ, ಜ್ವರವಿದ್ದವನು ಬಾರದಿರಲಿ. ಕೇಳುವುದು ಇಷ್ಟೇ: ಆಪತ್ತಿಗಾಗಿ ಮಾಡಿದ ನಿಯಮದ ಕೆಳಗೆ ಅದು ಮುಗಿಯುವ ತಾರೀಖನ್ನೂ ಬರೆಯಲಿ. ಬೇಕಾದರೆ ಆ ದಿನ ಕುಳಿತು ಯೋಚಿಸಿ ಮುಂದುವರಿಸಲಿ. ಆದರೆ ಯಾರೂ ಯೋಚಿಸದ ಕಾರಣಕ್ಕಾಗಿಯೇ ಅದು ಮುಂದುವರಿಯದಿರಲಿ. 1897ರ ಶಾಸನ ಒಂದು ಶತಮಾನವನ್ನು ದಾಟಿ ಬಂದದ್ದು ಹಾಗೆಯೇ. ಹಲಗೆಯ ಮೇಲಿನ ಎರಡು ಸಾಲು ಅಷ್ಟು ಕಾಲ ಬಾಳಬೇಕಾಗಿಲ್ಲ.

ಈ ಕಡೆ ಬಂಧುಗಳಿದ್ದವರು ರಜೆಯಲ್ಲಿ ಬಂದಾಗ ಗೋಲ್ಕೊಂಡೆ, ಸಾಲಾರ್‌ಜಂಗ್ ಸಂಗ್ರಹಾಲಯಗಳ ಜೊತೆಗೆ ಮಕ್ಕಳಿಗೆ ಒಂದು ವಿದ್ಯಾಪೀಠದ ಆವರಣವನ್ನೂ ತೋರಿಸುವುದು ಒಳ್ಳೆಯದು. ತಾರ್ನಾಕದ ಕಡೆ ಹೋದರೆ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಕಲಾಶಾಲೆಯ ಕಟ್ಟಡ, 1939ರಲ್ಲಿ ತೆರೆದದ್ದು, ನೋಡತಕ್ಕದ್ದು. ಗಚ್ಚಿಬೌಲಿಯ ಕಡೆ ಬಂಡೆಗಳೂ ಕೆರೆಗಳೂ. ಒಳಗೆ ಪರಿಚಿತ ವಿದ್ಯಾರ್ಥಿಯಿದ್ದರೆ ಮೊದಲೇ ಹೇಳಿಕಳಿಸಿ, ಅಲ್ಲಿಯ ಆ ದಿನದ ನಿಯಮವನ್ನು ಕೇಳಿಕೊಂಡು ಹೋಗಬೇಕು. ಗುರುತಿನ ಚೀಟಿ ಜೊತೆಗಿರಲಿ. ಕೆಮ್ಮು ನೆಗಡಿ ಇದ್ದರೆ ಆ ವಾರ ಬಿಟ್ಟು ಮುಂದಿನ ವಾರ ಹೋಗುವುದು ಮರ್ಯಾದೆ. ಪುಸ್ತಕದಲ್ಲಿ ಬಂದ ಹೊತ್ತನ್ನು ಬರೆದಂತೆ ಹೊರಟ ಹೊತ್ತನ್ನೂ ಮರೆಯದೆ ಬರೆಯಬೇಕು. ಹೋಗುವಾಗ ಎರಡು ಹೋಳಿಗೆ ಹೆಚ್ಚಿಗೆ ಕಟ್ಟಿಕೊಂಡರೆ ಬಾಗಿಲಲ್ಲಿ ಕುಳಿತವನಿಗೂ ಆಗುತ್ತದೆ; ಅವನೂ ಹೆಚ್ಚಾಗಿ ಯಾವುದೋ ದೂರದ ಊರಿನಿಂದ ಬಂದವನೇ.